ಅಂಗಳದಲ್ಲಿ ಇಕ್ಕೇರಿ ವರಹ (ಕೆಳದಿ ಅರಸರ ಚಿನ್ನದ ನಾಣ್ಯ) ಸಿಕ್ಕಿತು ಅಂತ ನಂಬಿ 83,000 ಕಳೆದುಕೊಂಡೆ, ದಯವಿಟ್ಟು ಓದಿ

ಹೊಸನಗರ, ಸಾಗರ, ತೀರ್ಥಹಳ್ಳಿ ಕಡೆಯವರು ಇದನ್ನು ಪೂರ್ತಿ ಓದಿ. ಹಳೇ ನಾಣ್ಯ ಕೂಡಿಡುವ ಅಭ್ಯಾಸ ಇರುವವರು, ಹಳೇ ಮನೆ ಹಳೇ ಅಂಗಳ ಇರುವವರು ಖಂಡಿತ ಓದಿ. ಮೆಟಲ್ ಡಿಟೆಕ್ಟರ್ ಮಾರುತ್ತೇನೆ, ಬೇಕಾದರೆ ನಿಮ್ಮ ಅಂಗಳದಲ್ಲೇ ಹುಡುಕಿ ತೋರಿಸುತ್ತೇನೆ ಅಂತ ಒಬ್ಬ ತಿರುಗುತ್ತಿದ್ದಾನೆ. ನಾನು ಅವನ ಕೈಗೆ 83,000 ರೂಪಾಯಿ ಕೊಟ್ಟೆ. ಮೋಸ ಅಂತ ಗೊತ್ತಾದ ಮೇಲೂ ಹನ್ನೊಂದು ದಿನ ಹೊರಗೆ ಯಾರಿಗೂ ಹೇಳಲಿಲ್ಲ. ನಾಚಿಕೆ. ಆ ಹನ್ನೊಂದು ದಿನದಲ್ಲಿ ಅವನು ಇನ್ನೆಷ್ಟು ಮನೆ ಮೆಟ್ಟಿಲು ಹತ್ತಿದನೋ. ಅದನ್ನು ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ನನಗೆ ನಾಣ್ಯದ ಹುಚ್ಚು ಚಿಕ್ಕಂದಿನಿಂದ ಇದೆ. ಅಜ್ಜಿಯ ಪೆಟ್ಟಿಗೆಯಲ್ಲಿದ್ದ ತೂತು ಕಾಸಿನಿಂದ ಶುರುವಾಗಿದ್ದು. ತೋಟದಲ್ಲಿ ಬಸಿಗಾಲುವೆ ತೋಡಿಸುವಾಗ ಎರಡು ಸಲ ಕಾಲಾಣೆ ಸಿಕ್ಕಿದೆ. ನಮ್ಮೂರಿಂದ ನಗರ ದೂರ ಇಲ್ಲ. ನಗರ ಅಂದರೆ ಹಳೇ ಬಿದನೂರು, ಕೆಳದಿ ಅರಸರ ರಾಜಧಾನಿ. ಇಂಥ ಜಾಗದಲ್ಲಿ ಹುಟ್ಟಿ ಬೆಳೆದವನಿಗೆ ಕಾಲ ಕೆಳಗೆ ಏನಿದೆಯೋ ಅನ್ನೋ ಕುತೂಹಲ ಇರುವುದು ಸಹಜ ಅಲ್ವಾ. ಮಷಿನ್ ಒಂದು ತಗೊಂಡು ನಮ್ಮ ಸ್ವಂತ ಅಂಗಳ, ತೋಟದ ಅಂಚು ಹುಡುಕಬೇಕು ಅಂತ ಎರಡು ವರ್ಷದಿಂದ ಆಸೆ ಇತ್ತು. ಪರಿಚಯದವರೊಬ್ಬರ ಮೂಲಕ ಇವನ ನಂಬರ್ ಸಿಕ್ಕಿತು. ಅವರಿಗೂ ಇವನು ಯಾರು ಅಂತ ಸರಿಯಾಗಿ ಗೊತ್ತಿರಲಿಲ್ಲ ಅನ್ನೋದು ಆಮೇಲೆ ತಿಳಿಯಿತು.

ಫೋನಿನಲ್ಲಿ ಮಾತಾಡಿದಾಗಲೇ ನಾನು ಅರ್ಧ ಬಿದ್ದಿದ್ದೆ. ಯಾಕೆಂದರೆ ಅವನಿಗೆ ವಿಷಯ ಗೊತ್ತಿತ್ತು. 1763ರಲ್ಲಿ ಹೈದರಾಲಿ ಬಿದನೂರು ಹಿಡಿದಿದ್ದು ಹೇಳಿದ. ಊರು ಬಿಟ್ಟು ಓಡಿದ ಜನ ಮನೆ ಸುತ್ತಮುತ್ತ ಹಣ ಹೂತಿಟ್ಟರು ಅಂದ. ಹೈದರಾಲಿ ತನ್ನ ಚಿನ್ನದ ನಾಣ್ಯದಲ್ಲೂ ಶಿವ ಪಾರ್ವತಿಯರ ಚಿತ್ರವನ್ನು ಹಾಗೇ ಉಳಿಸಿಕೊಂಡಿದ್ದ ಅನ್ನೋದೂ ಅವನಿಗೆ ಗೊತ್ತಿತ್ತು. ಇಷ್ಟು ತಿಳಿದವನು ಮೋಸ ಮಾಡುತ್ತಾನೆ ಅಂತ ನನಗೆ ಅನ್ನಿಸಲೇ ಇಲ್ಲ. ಹೊರದೇಶದ ಮಷಿನ್, ಹೊಸದಕ್ಕೆ 85,000, ಒಂದೇ ವರ್ಷ ಬಳಸಿದ್ದು, 48,000ಕ್ಕೆ ಕೊಡ್ತೀನಿ ಅಂದ. "ಅಣ್ಣಾ, ದುಡ್ಡು ಈಗ ಬೇಡ. ನಿಮ್ಮ ಅಂಗಳಕ್ಕೆ ಬಂದು ತೋರಿಸ್ತೀನಿ. ಸಿಕ್ಕಿದ್ರೆ ತಗೊಳ್ಳಿ, ಇಲ್ಲಾಂದ್ರೆ ಬೇಡ."

ಫೆಬ್ರವರಿ. ಕೊಯ್ಲು ಮುಗಿದಿತ್ತು, ಅಡಿಕೆ ದುಡ್ಡು ಕೈಗೆ ಬಂದಿತ್ತು. ಅದನ್ನೂ ಅವನು ಲೆಕ್ಕ ಹಾಕಿಕೊಂಡೇ ಬಂದಿದ್ದ ಅಂತ ಈಗ ಅನ್ನಿಸುತ್ತದೆ.

ಶನಿವಾರ ಸಂಜೆ ಒಬ್ಬನೇ ಬಂದ. ಮಷಿನ್ ತಂದಿರಲಿಲ್ಲ. ಇವತ್ತು ಸುಮ್ನೆ ಮಣ್ಣು ನೋಡಿ ಹೋಗ್ತೀನಿ ಅಂದ. ಅಂಗಳದಲ್ಲಿ ಅಲ್ಲಲ್ಲಿ ಕೂತು ಮಣ್ಣು ಕೈಯಲ್ಲಿ ತಿಕ್ಕಿ ನೋಡಿದ. ಆಮೇಲೆ ಕುಡಿಯೋಕೆ ಮಜ್ಜಿಗೆ ಕೇಳಿದ. ಹೆಂಡತಿ ಮೇಲೆ ಅಟ್ಟದಲ್ಲಿದ್ದಳು, ಅಮ್ಮ ತಂಗಿ ಮನೆಗೆ ಹೋಗಿದ್ದರು. ನಾನೇ ಒಳಗೆ ಹೋದೆ. ಮಜ್ಜಿಗೆ ಕಡೆದು, ಉಪ್ಪು ಹಾಕಿ, ಶುಂಠಿ ಜಜ್ಜಿ ಹಾಕಿ ತರುವಷ್ಟರಲ್ಲಿ ಹತ್ತು ನಿಮಿಷ ಆಗಿರಬಹುದು. ಬಂದಾಗ ಅವನು ಕೊಟ್ಟಿಗೆ ಹಿಂದೆ ಹಲಸಿನ ಮರದ ಹತ್ತಿರ ಕೈ ಒರೆಸಿಕೊಳ್ಳುತ್ತಾ ನಿಂತಿದ್ದ. ಕೈ ಒರೆಸಿಕೊಳ್ಳುತ್ತಾ ನಿಂತಿದ್ದ! ನೋಡಿದೆ. ನೋಡಿಯೂ ಲೋಟ ಕೊಟ್ಟೆ.

ಭಾನುವಾರ ಬೆಳಿಗ್ಗೆ ಮಷಿನ್ ತಂದ. ಉದ್ದ ಕೋಲು, ತುದಿಯಲ್ಲಿ ತಟ್ಟೆಯಂಥ ಕಾಯಿಲ್, ಹಿಡಿಕೆ ಹತ್ತಿರ ಸಣ್ಣ ಪರದೆ. ಮೊದಲು ಅಂಗಳದ ಮುಂದೆ ಆಡಿಸಿದ. ಒಂದು ಮೊಳೆ, ಒಂದು ಎತ್ತಿನ ಲಾಳ ಸಿಕ್ಕಿತು. ಅವು ನಿಜವಾಗಿ ನಮ್ಮವೇ. ಆಮೇಲೆ ನಿಧಾನಕ್ಕೆ ಕೊಟ್ಟಿಗೆ ಹಿಂದೆ ಹೋದ. ಹಲಸಿನ ಮರದ ಹತ್ತಿರ ಮಷಿನ್ ಕೂಗಿತು. "ಅಣ್ಣಾ, ಇದು ಕಬ್ಬಿಣದ ಸದ್ದಲ್ಲ. ನೀವೇ ಅಗೆಯಿರಿ, ನಿಮ್ಮ ಜಾಗ" ಅಂದ. ಅಗೆದೆ. 1835ರ ಈಸ್ಟ್ ಇಂಡಿಯಾ ಕಂಪನಿ ಕಾಲಾಣೆ. ಅದರಿಂದ ಎರಡು ಅಡಿ ದೂರಕ್ಕೆ ಟಿಪ್ಪು ಕಾಲದ ಆನೆ ಚಿತ್ರದ ತಾಮ್ರದ ಕಾಸು. ಆಮೇಲೆ ಮೂರನೇದು. ಮಣ್ಣಿನ ಹೆಂಟೆ ಒಡೆದಾಗ ಹಳದಿ ಹೊಳಪು ಕಂಡಿತು. ಹೆಬ್ಬೆರಳಲ್ಲಿ ಒರೆಸಿದೆ. ಒಂದು ಕಡೆ ಕೂತ ಶಿವ ಪಾರ್ವತಿ, ಇನ್ನೊಂದು ಕಡೆ ನಾಗರಿಯಲ್ಲಿ ಮೂರು ಸಾಲು, ಶ್ರೀ ಸದಾಶಿವ. ಇಕ್ಕೇರಿ ವರಹ! ನನ್ನ ಕೈ ನಡುಗುತ್ತಿತ್ತು. ಸುಳ್ಳು ಹೇಳಲ್ಲ, ಕಣ್ಣಲ್ಲಿ ನೀರು ಬಂತು. ಪುಸ್ತಕದಲ್ಲಿ ನೋಡಿದ್ದು ನಮ್ಮ ಅಂಗಳದಲ್ಲಿ ಬಂತಲ್ಲ ಅಂತ.

ಅವನು ಫೋನ್ ಹಿಡಿದು ಎಲ್ಲ ವಿಡಿಯೋ ಮಾಡುತ್ತಿದ್ದ. "ನಿಮಗೂ ಕಳಿಸ್ತೀನಿ ಅಣ್ಣಾ, ನೆನಪಿಗೆ ಇರ್ಲಿ." ಕಳಿಸಿದ ಕೂಡ.

ಆಮೇಲೆ ಮಾತು ಶುರು. ಮಷಿನ್ ಇನ್ನೂ ನನ್ನದು, ಹುಡುಕಿದ್ದು ನಾನು, ಜಾಗ ನಿಮ್ಮದು, ಅರ್ಧ ಅರ್ಧ ನಮ್ಮ ಪದ್ಧತಿ ಅಂದ. ಕೂಡಿಡುವವರ ಹತ್ತಿರ ಇದಕ್ಕೆ 70,000 ಬರುತ್ತೆ, ನನ್ನ ಪಾಲು 35,000 ಕೊಟ್ಟರೆ ನಾಣ್ಯ ನಿಮಗೇ ಬಿಡ್ತೀನಿ ಅಂದ. ನ್ಯಾಯದ ಮಾತು ಅನ್ನಿಸಿತು ನನಗೆ! 48,000 ಫೋನ್ ಪೇ ಮಾಡಿದೆ, 35,000 ನಗದು ಎಣಿಸಿ ಕೊಟ್ಟೆ. ತೂಕ ನೋಡೋಣ, ಒಳಗೆ ಸಣ್ಣ ತಕ್ಕಡಿ ಇದೆ ಅಂದಿದ್ದಕ್ಕೆ ತಡೆದ. "ಬೇಡಿ ಅಣ್ಣಾ, ಲಕ್ಷ್ಮೀನ ಬಂದ ತಕ್ಷಣ ತೂಗಬಾರದು. ದೇವರ ಮುಂದೆ ಇಡಿ, ಅಮಾವಾಸ್ಯೆ ಕಳೆಯೋವರೆಗೂ ಮುಟ್ಟಬೇಡಿ." ಇಟ್ಟೆ. ದೀಪದ ಪಕ್ಕ ಇಟ್ಟು ಕೈ ಮುಗಿದೆ.

ಸೋಮವಾರ ಬೆಳಿಗ್ಗೆ ನಾನೇ ಮಷಿನ್ ಹಿಡಿದೆ. ಅದು ಎಲ್ಲೆಂದರಲ್ಲಿ ಕೂಗುತ್ತದೆ. ಅಂಗಳದಲ್ಲಿ ಕೂಗುತ್ತದೆ, ತೋಟದ ಅಂಚಿನಲ್ಲಿ ಕೂಗುತ್ತದೆ, ಖಾಲಿ ಧರೆ ಹತ್ತಿರ ಹಿಡಿದರೂ ಕೂಗುತ್ತದೆ. ನಮ್ಮದು ಜಂಬಿಟ್ಟಿಗೆ ನೆಲ, ಮಣ್ಣಲ್ಲೇ ಕಬ್ಬಿಣದ ಅಂಶ ಜಾಸ್ತಿ. ಇಂಥ ನೆಲದಲ್ಲಿ ಕಡಿಮೆ ಬೆಲೆಯ ಮಷಿನ್‌ಗಳಿಗೆ ಮಣ್ಣಿಗೂ ಲೋಹಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಮಣ್ಣಿಗೆ ತಕ್ಕಂತೆ ಹೊಂದಿಸುವ ಸೌಲಭ್ಯ (ಗ್ರೌಂಡ್ ಬ್ಯಾಲೆನ್ಸ್) ಬೇಕು, ಇದರಲ್ಲಿ ಅದಿಲ್ಲ. ಅವನು ತೋರಿಸುವಾಗ ಸೆನ್ಸಿಟಿವಿಟಿಯನ್ನು ಪೂರ್ತಿ ಇಳಿಸಿಟ್ಟಿದ್ದ. ಆಗ ಮಣ್ಣಿಗೆ ಕೂಗುವುದಿಲ್ಲ, ಆದರೆ ಮೂರು ನಾಲ್ಕು ಬೆರಳು ಆಳದಲ್ಲಿ ಇರುವುದು ಮಾತ್ರ ಸಿಗುತ್ತದೆ. ಅವನಿಗೆ ಬೇಕಾಗಿದ್ದೂ ಅಷ್ಟೇ ಆಳ ಅಲ್ವಾ. ಹತ್ತು ಅಡಿ ಆಳದ ಚಿನ್ನ ತೋರಿಸುತ್ತೆ ಅಂದಿದ್ದ. ನಾಣ್ಯದಷ್ಟು ಚಿಕ್ಕ ವಸ್ತು ಒಂದು ಗೇಣು ಆಳಕ್ಕೆ ಹೋದರೆ ಇಂಥ ಮಷಿನ್‌ಗೆ ಸಿಗುವುದೇ ಕಷ್ಟ. ಚಿನ್ನವನ್ನೇ ಬೇರೆ ಮಾಡಿ ಹೇಳುತ್ತೆ ಅನ್ನೋದೂ ಸುಳ್ಳು. ಇಡೀ ದಿನ ಅಗೆದು ನನಗೆ ಸಿಕ್ಕಿದ್ದು ಗುಟ್ಕಾ ಚೀಟಿ, ಮಾತ್ರೆಯ ಫಾಯಿಲ್, ಬಾಟಲಿ ಮುಚ್ಚಳ, ತುಕ್ಕು ಮೊಳೆ. ಪರದೆಯ ಮೇಲೆ ಫಾಯಿಲ್ಲಿಗೂ ಆ ವರಹಕ್ಕೂ ಹತ್ತಿರ ಹತ್ತಿರ ಒಂದೇ ನಂಬರ್ ಬರುತ್ತದೆ.

ಆಗಲೂ ನನಗೆ ಮಷಿನ್ ಬಗ್ಗೆ ಮಾತ್ರ ಅನುಮಾನ. ನಾಣ್ಯದ ಬಗ್ಗೆ ಇಲ್ಲ.

ಬುಧವಾರ ಅಮ್ಮ ಬಂದರು. ಖುಷಿಯಿಂದ ವಿಡಿಯೋ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ನೋಡಿ ಒಂದೇ ಮಾತು ಕೇಳಿದರು. "ಅಲ್ಲೋ ಮಾರಾಯ, ಅದು ನಿಮ್ಮಪ್ಪ ಗೋಬರ್ ಗ್ಯಾಸಿಗೆ ಗುಂಡಿ ತೆಗೆಸಿದ ಜಾಗ ಅಲ್ವನೋ? ಹಾಳಾದ ಮೇಲೆ ಟ್ರ್ಯಾಕ್ಟರಲ್ಲಿ ಮಣ್ಣು ತರಿಸಿ ಮುಚ್ಚಿದ್ದು. ಅಲ್ಲಿ ಯಾವ ರಾಜನ ದುಡ್ಡು ಇರುತ್ತೆ?"

ಕೂತಲ್ಲೇ ಕೂತುಬಿಟ್ಟೆ. ಆ ಗುಂಡಿ ಮುಚ್ಚುವಾಗ ಬುಟ್ಟಿಯಲ್ಲಿ ಮಣ್ಣು ಹೊತ್ತವನು ನಾನೇ. ಏಳನೇ ಕ್ಲಾಸಿನಲ್ಲಿದ್ದೆ. ರಾತ್ರಿ ನಿದ್ದೆ ಬರಲಿಲ್ಲ, ಎದ್ದು ವಿಡಿಯೋ ಮತ್ತೆ ಮತ್ತೆ ನೋಡಿದೆ. ಮೂರನೇ ಸಲವೋ ನಾಲ್ಕನೇ ಸಲವೋ ಕಂಡಿತು. ವರಹ ಇದ್ದ ಹೆಂಟೆ ಕೆಳಗೆ, ಗುಂಡಿಯ ತಳದಲ್ಲಿ, ಒಂದು ಹಲಸಿನ ಎಲೆ. ಮಡಚಿಕೊಂಡಿದೆ, ಅಂಚು ಇನ್ನೂ ಹಸಿರು. ನಾಣ್ಯದ ಕೆಳಗೆ ಹಸಿರು ಎಲೆ! ಕೆಳದಿ ಕಾಲದ ವರಹ, ಟಿಪ್ಪು ಕಾಸು, 1835ರ ಕಾಲಾಣೆ, ಮೂರೂ ಒಂದೇ ಮಾರಿನೊಳಗೆ, ಒಂದೇ ಆಳದಲ್ಲಿ. ಮೂವತ್ತು ವರ್ಷದಿಂದ ನಾಣ್ಯ ನೋಡುತ್ತಿರುವವನಿಗೆ ಇದು ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಆಸೆ ಹಾಗೆ ಕಣ್ಣು ಕಟ್ಟಿತ್ತು.

ಬೆಳಿಗ್ಗೆ ಅಮಾವಾಸ್ಯೆಗೂ ಕಾಯದೆ ತೂಗಿದೆ. ಅಸಲಿ ಇಕ್ಕೇರಿ ವರಹ ಸುಮಾರು 3.4 ಗ್ರಾಂ ಇರುತ್ತದೆ. ಇದು 2 ಗ್ರಾಂ ದಾಟಿ ಸ್ವಲ್ಪ ಅಷ್ಟೇ. ಭೂತಗನ್ನಡಿ ಇಟ್ಟು ನೋಡಿದರೆ ಶ್ರೀ ಅಕ್ಷರದ ಮೇಲೆ ಸಾಸಿವೆಗಿಂತ ಸಣ್ಣ ಗುಳ್ಳೆಗಳು, ಅಂಚಿನಲ್ಲಿ ಅರದಿಂದ ಉಜ್ಜಿದ ಗೆರೆ. ಹಳೇ ವರಹಗಳನ್ನು ಅಚ್ಚಿನ ಮೇಲೆ ಇಟ್ಟು ಹೊಡೆದು ಮಾಡುತ್ತಿದ್ದರು. ಇದು ಎರಕ ಹೊಯ್ದದ್ದು. ಶಿವಮೊಗ್ಗಕ್ಕೆ ಹೋಗಿ ಬಂಗಾರದ ಕೆಲಸದ ಆಚಾರ್ರಿಗೆ ತೋರಿಸಿದೆ. ಅವರು ಅಂಚು ಸ್ವಲ್ಪ ಕೆರೆದು, ಒರೆಗಲ್ಲಿಗೆ ತಿಕ್ಕಿ, ಒಂದು ಹನಿ ಆ್ಯಸಿಡ್ ಬಿಟ್ಟರು. ಗೆರೆ ಹಸಿರಾಗಿ ನೊರೆಯೆದ್ದು ಅಳಿಸಿ ಹೋಯಿತು. "ಹಿತ್ತಾಳೆ ಸ್ವಾಮಿ, ಮೇಲೆ ಪಾಲಿಶ್ ಅಷ್ಟೇ" ಅಂದರು. ಪಕ್ಕದಲ್ಲಿ ಬೇರೆ ಗಿರಾಕಿಗಳು ಕೂತಿದ್ದರು. ಯಾವಾಗ ಹೊರಗೆ ಬಂದೆನೋ ಗೊತ್ತಿಲ್ಲ.

ಈಗ ಅವನ ಉತ್ತರಗಳನ್ನು ಕೇಳಿ. ಸೋಮವಾರ ಮಷಿನ್ ಬಗ್ಗೆ ಫೋನ್ ಮಾಡಿದಾಗ: "ಅಣ್ಣಾ, ಮಷಿನ್ ಅಂದ್ರೆ ಹೊಸ ಸೊಸೆ ಇದ್ದ ಹಾಗೆ. ಮನೆಗೆ ಹೊಂದ್ಕೊಳ್ಳೋಕೆ ಟೈಮ್ ಬೇಕು." ಮಂಗಳವಾರ ಅಣ್ಣ ಹೋಗಿ ಸರ್ ಆಯಿತು: "ಸರ್, ಗ್ರೌಂಡ್ ಬ್ಯಾಲೆನ್ಸ್ ಮಾಡ್ಕೊಳ್ಳಿ." ಅದಕ್ಕೆ ಬಟನ್ ಎಲ್ಲಿದೆ ಅಂದೆ. "ಆ ಮಾಡೆಲ್ಲಲ್ಲಿ ಒಳಗೇ ಇರುತ್ತೆ ಸರ್." ಆಚಾರ್ರು ಹೇಳಿದ್ದನ್ನು ತಿಳಿಸಿದೆ. "ಇಷ್ಟು ವರ್ಷ ಮಣ್ಣಲ್ಲಿದ್ರೆ ಬಂಗಾರ ಇಳಿದು ಹೋಗಿರುತ್ತೆ ಸರ್." ಬಂಗಾರ ಇಳಿದು ಹೋಗುತ್ತಂತೆ! ಬಂಗಾರ ಸಾವಿರ ವರ್ಷ ಮಣ್ಣಲ್ಲಿದ್ದರೂ ಬಂಗಾರವೇ. ನೀನೇ ಹೂತಿಟ್ಟಿದ್ದು, ಕೆಳಗೆ ಹಸಿರು ಎಲೆ ಇದೆ, ದುಡ್ಡು ವಾಪಸ್ ಕೊಡು ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಧ್ವನಿಯೇ ಬೇರೆ. "ಏನ್ರೀ, ನಾನು ಮಾರಿದ್ದು ಮಷಿನ್ ಮಾತ್ರ. ನಾಣ್ಯ ಸಿಕ್ಕಿದ್ದು ನಿಮ್ಮ ಜಾಗದಲ್ಲಿ, ಅಗೆದಿದ್ದು ನೀವು. ನಿಧಿ ತೆಗೆದ ವಿಡಿಯೋ ನನ್ನ ಹತ್ರ ಇದೆ. ನಾನೇ ಸ್ಟೇಷನ್‌ಗೆ ಕಳಿಸ್ಲಾ?"

ವಿಡಿಯೋ ಯಾಕೆ ಮಾಡಿದ ಅಂತ ಆಗ ಅರ್ಥವಾಯಿತು. ಅದರಲ್ಲಿ ಅವನ ಮುಖ ಎಲ್ಲೂ ಇಲ್ಲ. ನನ್ನ ಮುಖ, ನನ್ನ ಕೈ, ನನ್ನ ಗುದ್ದಲಿ. ಆ ಮಾತಾಡಿದ ಮೇಲೆ ನನ್ನ ನಂಬರ್ ಬ್ಲಾಕ್ ಮಾಡಿದ.

ನಾಚಿಕೆಗೂ ಆ ಬೆದರಿಕೆಗೂ ನಾನು ಹನ್ನೊಂದು ದಿನ ಸುಮ್ಮನಿದ್ದೆ. ಕೊನೆಗೆ ವಕೀಲಿಕೆ ಮಾಡುವ ಭಾವನಿಗೆ ಹೇಳಿಕೊಂಡೆ. ಅವರು ಹೇಳಿದ್ದು ಇಷ್ಟು. ನೆಲದಲ್ಲಿ ನಿಜವಾಗಿ ನಿಧಿ ಸಿಕ್ಕರೆ ನಮ್ಮದೇ ಜಾಗವಾದರೂ ಸರ್ಕಾರಕ್ಕೆ ತಿಳಿಸಬೇಕು, ಅದಕ್ಕೆ ರಾಜ್ಯದಲ್ಲಿ 1962ರ ಕಾಯ್ದೆಯೇ ಇದೆ. ನೂರು ವರ್ಷ ದಾಟಿದ ನಾಣ್ಯ 1972ರ ಪ್ರಾಚ್ಯವಸ್ತು ಕಾಯ್ದೆಗೆ ಬರುತ್ತದೆ, ಲೈಸೆನ್ಸ್ ಇಲ್ಲದೆ ಅದರ ವ್ಯಾಪಾರ ಮಾಡುವಂತಿಲ್ಲ. ಅಂದರೆ ಆ "ಅರ್ಧ ಪಾಲಿನ ಪದ್ಧತಿ" ಅಂತ ಒಂದು ಇಲ್ಲವೇ ಇಲ್ಲ. ನಾಣ್ಯ ಅಸಲಿ ಅಂದುಕೊಂಡಾಗ ನಾನು ತಿಳಿಸಬೇಕಿತ್ತು, ತಿಳಿಸಲಿಲ್ಲ, ಅದು ನನ್ನ ತಪ್ಪು, ಒಪ್ಪುತ್ತೇನೆ. ಆದರೆ ನಕಲಿ ಹಿತ್ತಾಳೆ ಹೂತಿಟ್ಟು ಮಾರಿದವನು ನನ್ನನ್ನು ಹೆದರಿಸುವುದು ಯಾವ ನ್ಯಾಯ? ಭಾವನೇ ಠಾಣೆಗೆ ಕರೆದುಕೊಂಡು ಹೋದರು. ಅರ್ಜಿ ಕೊಟ್ಟೆ, ಹಿತ್ತಾಳೆ ಬಿಲ್ಲೆ, ವಿಡಿಯೋ, ಫೋನ್ ಪೇ ದಾಖಲೆ ಎಲ್ಲ ಕೊಟ್ಟೆ. ಮೊದಲ ದಿನವೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ದರೆ ಆ 48,000 ತಡೆಯೋಕೆ ಪ್ರಯತ್ನ ಮಾಡಬಹುದಿತ್ತು ಅಂತ ಠಾಣೆಯವರು ಅಂದರು. ದುಡ್ಡು ಇನ್ನೂ ಬಂದಿಲ್ಲ.

ಇನ್ನೊಂದು ವಿಷಯ. ಭಾನುವಾರ ಹೊರಡುವಾಗ ಅವನು, ಕವಲೇದುರ್ಗದ ಕಾಡಲ್ಲಿ, ನಗರದ ಕೋಟೆ ಹಿಂದೆ ರಾತ್ರಿ ಹೋಗೋಣ, ಗುರುತಿನವರು ಇದ್ದಾರೆ ಅಂತ ಕರೆದ. ನಾನು ಒಪ್ಪಲಿಲ್ಲ, ಅದೊಂದು ಪುಣ್ಯ. ಅವು ಸಂರಕ್ಷಿತ ಜಾಗ, ಅಲ್ಲಿ ಗುದ್ದಲಿ ಹಾಕಿದರೆ ನಿಜವಾಗಿಯೂ ಕೇಸು. ನಮ್ಮ ಕಡೆ ಹಾಳುಬಿದ್ದ ಗುಡಿಗಳ ಪೀಠ ಕಿತ್ತು, ಬಸವಣ್ಣನ ಹೊಟ್ಟೆ ಒಡೆದು ಹೋಗಿರುವುದನ್ನು ನೀವೂ ನೋಡಿರುತ್ತೀರಿ. ಅದು ಮಾಡುವವರು ಇಂಥವರೇ. ಅವನನ್ನು ಮನೆ ಜಗಲಿಯಲ್ಲಿ ಕೂರಿಸಿ ಮಜ್ಜಿಗೆ ಕೊಟ್ಟೆನಲ್ಲ ಅಂತ ಈಗಲೂ ಸಂಕಟವಾಗುತ್ತದೆ.

ಮಷಿನ್ ಬೇಕೇಬೇಕು ಅಂದರೆ ಬಿಲ್ ಇರುವ ಅಂಗಡಿಯಲ್ಲಿ ತಗೊಳ್ಳಿ. ಪರೀಕ್ಷೆಗೆ ನಾಣ್ಯ ನೀವೇ ಹೂಳಿ, ಎಲ್ಲಿ ಅಂತ ಮಾರುವವನಿಗೆ ಹೇಳಬೇಡಿ. ನಾಣ್ಯ ಸಿಕ್ಕಿತು ಅಂದರೆ ಅಲ್ಲೇ, ಅವನೆದುರೇ ತೂಗಿ. ಲಕ್ಷ್ಮಿ, ಅಮಾವಾಸ್ಯೆ ಅಂದರೆ ಆಗಲೇ ಹೊರಗೆ ಕಳಿಸಿ. ಮೋಸ ಹೋಗಿದ್ದರೆ ನನ್ನ ಹಾಗೆ ಮುಚ್ಚಿಟ್ಟುಕೊಳ್ಳಬೇಡಿ.

ಆಸಾಮಿಗೆ ನಲವತ್ತರ ಆಸುಪಾಸು. ಮಾತು ಬಹಳ ನಯ. ಮೊದಲ ದಿನ ಬರಿಗೈಲಿ ಮಣ್ಣು ನೋಡೋಕೆ ಬರುತ್ತಾನೆ, ಕುಡಿಯೋಕೆ ಏನಾದರೂ ಕೇಳುತ್ತಾನೆ. ಆಗ ಅವನನ್ನು ಅಂಗಳದಲ್ಲಿ ಒಬ್ಬನೇ ಬಿಟ್ಟು ಒಳಗೆ ಹೋಗಬೇಡಿ.