ಕೈನ್‌ಮಾಸ್ಟರ್, ವಿಎನ್, ಕೆಡೆನ್‌ಲೈವ್: ಮಕ್ಕಳ ಕೈಗೆ ಯಾವುದು ಕೊಡೋದು?

ಹೈಸ್ಕೂಲ್ ಮಕ್ಕಳಿಂದ ಮೂರು ನಿಮಿಷದ ವಿಡಿಯೊ ಮಾಡಿಸಬೇಕು, ಯಾವ ಆ್ಯಪ್ ಒಳ್ಳೇದು ಅಂತ ಶಿಕ್ಷಕರು ಕೇಳುತ್ತಲೇ ಇರುತ್ತಾರೆ. ನಾನು ಮೂರು ವಿಡಿಯೊ ಎಡಿಟಿಂಗ್ ಆ್ಯಪ್‌ಗಳನ್ನು ಮಕ್ಕಳ ಕೈಗೇ ಕೊಟ್ಟು ನೋಡಿದ್ದೇನೆ. ಫೋನಿನಲ್ಲಿ ಕೈನ್‌ಮಾಸ್ಟರ್ ಮತ್ತು ವಿಎನ್, ಹಳೇ ಲ್ಯಾಪ್‌ಟಾಪಿನಲ್ಲಿ ಕೆಡೆನ್‌ಲೈವ್. ವಿಷಯ ಮೂರಕ್ಕೂ ಒಂದೇ: ಇಳಕಲ್ ಸೀರೆ ನೇಯುವ ಮನೆ. ನನ್ನ ತೀರ್ಮಾನ ಮೊದಲೇ ಹೇಳಿಬಿಡ್ತೀನಿ. ನಾಳೆಯೇ ವಿಡಿಯೊ ಬೇಕು ಅಂದ್ರೆ ವಿಎನ್. ಮಕ್ಕಳು ಎಡಿಟಿಂಗ್ ಕಲಿಯಬೇಕು ಅಂದ್ರೆ ಕೆಡೆನ್‌ಲೈವ್.

ಕೈನ್‌ಮಾಸ್ಟರ್‌ನಲ್ಲಿ ಸೌಲಭ್ಯಕ್ಕೆ ಕೊರತೆ ಇಲ್ಲ. ಆದರೆ ದುಡ್ಡು ಕೊಡದಿದ್ದರೆ ವಿಡಿಯೊ ಮೇಲೆ ಅದರ ಹೆಸರು ಕೂತಿರುತ್ತದೆ. ಮಕ್ಕಳ ಗಮನವೂ ಸ್ಟಿಕರ್, ಎಫೆಕ್ಟ್ ಕಡೆ ಬೇಗ ಹೋಗುತ್ತದೆ. ವಿಎನ್‌ನಲ್ಲಿ ಆ ಗುರುತಿನ ಕಾಟ ಇಲ್ಲ, ಕೊನೆಗೆ ತಾನೇ ಸೇರಿಕೊಳ್ಳುವ ಲೋಗೊ ತುಣುಕನ್ನು ಅಳಿಸಿದರೆ ಸಾಕು. ಕತ್ತರಿಸು, ಎಳೆದು ಜೋಡಿಸು, ದನಿ ರೆಕಾರ್ಡ್ ಮಾಡು, ಮುಗೀತು.

ಹಾಗಿದ್ದರೂ ನಾನು ಲ್ಯಾಪ್‌ಟಾಪ್ ಕಡೆ ವಾಲುವುದಕ್ಕೆ ಕಾರಣ ಪರದೆ. ಫೋನು ಒಬ್ಬರ ಕೈಯಲ್ಲಿರುತ್ತದೆ, ಉಳಿದವರು ಅವನ ಭುಜದ ಮೇಲಿಂದ ಇಣುಕಿ ಸ್ವಲ್ಪ ಹೊತ್ತಿಗೆ ಎದ್ದು ಹೋಗುತ್ತಾರೆ. ಲ್ಯಾಪ್‌ಟಾಪ್ ಮುಂದೆ ನಾಲ್ಕು ಜನ ಕೂತು ಜಗಳ ಆಡುತ್ತಾರೆ, ನನಗೆ ಬೇಕಾದ್ದೇ ಆ ಜಗಳ. ಸೀರೆಯ ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಕೊಂಡಿ ಹಾಕಿ ಜೋಡಿಸುವ ಶಾಟ್ ಒಂದಿತ್ತು, ಬರೀ ಬೆರಳುಗಳು. ಮೌಸ್ ಹಿಡಿದ ಹುಡುಗ ‘ಬೋರ್ ಆಗ್ತೈತಿ, ಕತ್ತರಿಸೋಣು’ ಅಂದ. ಪಕ್ಕದಲ್ಲಿದ್ದ ಹುಡುಗಿ, ಅವರ ಮನೆಯಲ್ಲೂ ಮಗ್ಗ ಇದೆ, ‘ಒಂದು ಕೊಂಡಿ ಪೂರ್ತಿ ಆಗೂ ತನಕ ಬಿಡು, ಇಲ್ಲಂದ್ರ ಅವ್ವ ಏನ್ ಮಾಡ್ತಾಳಂತ ಯಾರಿಗೂ ತಿಳಿಯಂಗಿಲ್ಲ’ ಅಂದಳು. ಶಾಟ್ ಉಳಿಯಿತು. ಇಡೀ ವಿಡಿಯೊದಲ್ಲಿ ನನಗೆ ತುಂಬಾ ಇಷ್ಟವಾದ ಜಾಗ ಅದೇ.

ಕೆಡೆನ್‌ಲೈವ್ ಉಚಿತ, ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ನಡೆಯುತ್ತದೆ. ಹಳೇ ಯಂತ್ರ ತಡವರಿಸಿದರೆ ಪ್ರಾಕ್ಸಿ ಆನ್ ಮಾಡಿ: ಎಡಿಟಿಂಗ್‌ಗೆ ವಿಡಿಯೊದ ಚಿಕ್ಕ ನಕಲು ಬಳಸಿ, ಕೊನೆಗೆ ಮೂಲ ಫೈಲಿನಿಂದಲೇ ವಿಡಿಯೊ ತೆಗೆಯುತ್ತದೆ. ಕನ್ನಡ ಅಕ್ಷರದಲ್ಲೂ ಇದೇ ಮುಂದು. ಫೋನಿನ ಆ್ಯಪ್‌ಗಳಲ್ಲಿರುವ ಚೆಂದದ ಫಾಂಟುಗಳು ಹೆಚ್ಚಾಗಿ ಇಂಗ್ಲಿಷಿಗೆ ಮಾತ್ರ, ಕನ್ನಡ ಟೈಪಿಸಿದರೆ ಫೋನಿನ ಮಾಮೂಲಿ ಅಕ್ಷರವೇ ಬರುತ್ತದೆ. ಲ್ಯಾಪ್‌ಟಾಪಿಗೆ ಬಾಲೂ ತಮ್ಮ, ನೋಟೊ ಸಾನ್ಸ್ ಕನ್ನಡದಂಥ ಯೂನಿಕೋಡ್ ಫಾಂಟು ಹಾಕಿಕೊಂಡರೆ ಹೆಸರುಗಳು ಚೆನ್ನಾಗಿ ಕಾಣುತ್ತವೆ. ಕಷ್ಟ ಅಂದ್ರೆ, ಮೊದಲ ದಿನ ಅಷ್ಟೊಂದು ಕಿಟಕಿ, ಬಟನ್ ನೋಡಿ ಮಕ್ಕಳು ಗಾಬರಿ ಆಗುತ್ತಾರೆ, ಪಕ್ಕದಲ್ಲಿ ಕೂರಲೇಬೇಕು.

ಪ್ಲಾನಿಂಗ್‌ನಲ್ಲೂ ಎರಡು ದಾರಿ ನೋಡಿದೆ. ಸ್ಕ್ರಿಪ್ಟ್ ಬರೆಸಿದರೆ ಮಕ್ಕಳು ಅದನ್ನು ಬಾಯಿಪಾಠ ಮಾಡಿ ಕ್ಯಾಮೆರಾ ಮುಂದೆ ಪ್ರಬಂಧ ಓದುತ್ತಾರೆ. ಹಾಳೆಯನ್ನು ಎಂಟು ಚೌಕ ಮಾಡಿ ಏನೇನು ಕಾಣಬೇಕೋ ಅದನ್ನು ಬಿಡಿಸಿ ಅಂದರೆ ಲಾಳಿ, ಕಾಲು, ದಾರದ ಉಂಡೆ, ಅಜ್ಜಿಯ ಮುಖ ಎಲ್ಲ ತಾವೇ ಬರುತ್ತವೆ. ಚಿತ್ರ ಹೇಗಿದ್ದರೂ ನಡೆಯುತ್ತದೆ. ನಾನಂತೂ ಚೌಕಕ್ಕೇ ಓಟು ಹಾಕ್ತೀನಿ.

ಶೂಟಿಂಗ್‌ನಲ್ಲಿ ಎರಡು ವಿಷಯ ಮರೀಬೇಡಿ, ಇವನ್ನು ಯಾವ ಆ್ಯಪೂ ಆಮೇಲೆ ಪೂರ್ತಿ ಸರಿ ಮಾಡೋದಿಲ್ಲ. ಮಗ್ಗ ನಡೆಯುವಾಗ ಮಾತಾಡಿಸಿದರೆ ಸದ್ದಿನಲ್ಲಿ ಮಾತು ಮುಳುಗುತ್ತದೆ. ಮಗ್ಗ ನಿಲ್ಲಿಸಿ ಮಾತು, ಮಗ್ಗದ ಸದ್ದು ಬೇರೆಯಾಗಿ, ಆಮೇಲೆ ಸಣ್ಣಗೆ ಕೆಳಗೆ ಸೇರಿಸಿ. ಎರಡನೆಯದು ಟ್ಯೂಬ್‌ಲೈಟ್. ನಮ್ಮ ಕರೆಂಟು 50 ಹರ್ಟ್ಸ್, ಹಳೇ ಟ್ಯೂಬು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಫೋನಿನ ಪ್ರೊ ಮೋಡ್‌ನಲ್ಲಿ (ಕ್ಯಾಮೆರಾವನ್ನು ನಾವೇ ಹೊಂದಿಸುವ ಆಯ್ಕೆ) ಶಟರ್ 1/50 ಅಥವಾ 1/100 ಸೆಕೆಂಡಿಗೆ ಇಟ್ಟರೆ ವಿಡಿಯೊದಲ್ಲಿ ಓಡುವ ಪಟ್ಟಿಗಳು ಹೋಗುತ್ತವೆ. ಪ್ರೊ ಮೋಡ್ ಇಲ್ಲದಿದ್ದರೆ ಬಾಗಿಲ ಬೆಳಕಿಗೆ ಬನ್ನಿ.

ಮತ್ತೆ, ಬೇರೆ ಬೇರೆ ಫೋನಿನ ಶಾಟ್‌ಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಸುಮ್ನೆ ವಿಡಿಯೊ ಅಂತ ಕಳಿಸಿದರೆ ಗುಣಮಟ್ಟ ಕುಗ್ಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ಇಲ್ಲವೇ ಕೇಬಲ್ ಹಾಕಿ ನೇರ ಕಾಪಿ ಮಾಡಿಕೊಳ್ಳಿ.