ದಾವಣಗೆರೆಯಲ್ಲಿ ಅವ್ವನ ಮೂಳೆ ಸ್ಕ್ಯಾನ್: ಮಷೀನಿಗೆ 5 ಸ್ಟಾರ್, ಮೆಟ್ಟಿಲಿಗೆ ಸೊನ್ನೆ

ಚಿತ್ರದುರ್ಗದ ಹತ್ರ ನಮ್ಮೂರು. ಮೂಳೆ ಎಷ್ಟು ಗಟ್ಟಿ ಇದೆ ಅಂತ ನೋಡೋ ಡೆಕ್ಸಾ ಸ್ಕ್ಯಾನ್ ಮಾಡ್ಸಿ ಅಂತ ಡಾಕ್ಟ್ರು ಬರ್ಕೊಟ್ರು, ಅವ್ವನ್ನ ಬಸ್ಸಲ್ಲಿ ಕೂರಿಸ್ಕೊಂಡು 60 ಕಿಲೋಮೀಟರ್ ದಾವಣಗೆರೆಗೆ ಹೋದೆ. ಸೆಂಟರ್ ಹೆಸ್ರು ಬೇಡ ಬಿಡಿ.

ಸ್ಕ್ಯಾನ್ ಮಾತ್ರ ಸೂಪರ್. ಸೊಂಟಕ್ಕೆ ಸಿಗಿಸ್ಕೊಂಡಿದ್ದ ಕೀಲಿಕೈ ಗೊಂಚಲು ತೆಗಿಸಿದ್ರು (ಕೊಡೋಕೆ ಅವ್ವಂಗೆ ಮನಸೇ ಇಲ್ಲ), ಮಂಚದ ಮೇಲೆ ಮಲಗ್ಸಿದ್ರು, ಮೇಲಿಂದ ಒಂದು ಮಷೀನ್ ಮೆಲ್ಲಗೆ ಆಕಡೆ ಈಕಡೆ ಓಡಾಡ್ತು, ಕಾಲು ಗಂಟೇಲಿ ಮುಗೀತು. "ಸೂಜಿನೂ ಚುಚ್ಲಿಲ್ಲ, ಇದಕ್ಕೆ ಎರಡ್ ಸಾವ್ರ ಚಿಲ್ಲರೆನಾ?" ಅಂದ್ಲು ಅವ್ವ. ಸೊಂಟದ ಟಿ ಸ್ಕೋರು (ವಯಸ್ಸಲ್ಲಿರೋ ಆರೋಗ್ಯವಂತರ ಮೂಳೆಗೆ ಹೋಲಿಸಿ ಕೊಡೋ ಅಂಕ) ಮೈನಸ್ 2.9. ಮೈನಸ್ 2.5 ಇಲ್ಲಾ ಅದಕ್ಕಿಂತ ಕೆಳಗೆ ಬಂದ್ರೆ ಆಸ್ಟಿಯೋಪೊರೋಸಿಸ್, ಅಂದ್ರೆ ಮೂಳೆ ಟೊಳ್ಳಾಗಿ ಸುಲಭವಾಗಿ ಮುರಿಯೋ ಕಾಯಿಲೆ ಅಂತೆ.

ನಂಗೆ ಸಿಟ್ಟು ಬಂದಿದ್ದು ಬೇರೇದಕ್ಕೆ. ಎರಡು ವರ್ಷದ ಹಿಂದೆ ಹಿತ್ತಲಲ್ಲಿ ಸುಮ್ನೆ ನಡ್ಕೊಂಡು ಹೋಗ್ತಾ ಜಾರಿ ಬಿದ್ದು ಮಣಿಕಟ್ಟು ಮುರ್ಕೊಂಡಿದ್ಲು, ಆಗ ಪಟ್ಟಿ ಹಾಕಿ ಕ್ಯಾಲ್ಸಿಯಂ ಮಾತ್ರೆ ಕೊಟ್ಟು "ವಯಸ್ಸಾಯ್ತಲ್ಲಮ್ಮ" ಅಂತ ಕಳ್ಸಿದ್ರು. ಬರೀ ನಿಂತ ಎತ್ತರದಿಂದ ಬಿದ್ದಿದ್ದಕ್ಕೇ ಮೂಳೆ ಮುರೀತು ಅಂದ್ರೆನೇ ಪರೀಕ್ಷೆ ಮಾಡ್ಸಬೇಕಿತ್ತಂತೆ, ಮುಂದಿನ್ಸಲ ಸೊಂಟಾನೇ ಹೋಗ್ಬೋದಿತ್ತು. ಆಮೇಲೆ ಊರಿಗೆ ಬಂದಿದ್ದ ಫ್ರೀ ಕ್ಯಾಂಪಲ್ಲಿ ಹಿಮ್ಮಡೀನ ಒಂದು ಸಣ್ಣ ಮಷೀನಲ್ಲಿ ಇಟ್ಟು ನೋಡಿ "ಸ್ವಲ್ಪ ವೀಕು" ಅಂತ ಚೀಟಿ ಕೊಟ್ಟಿದ್ರು, ನಾವೂ ಅದೇ ಟೆಸ್ಟು ಅನ್ಕೊಂಡು ಸುಮ್ನಾದ್ವಿ. ಗಟ್ಟಿಯಾಗಿ ಹೇಳೋಕೆ ಸೊಂಟ, ಬೆನ್ನುಮೂಳೆ ಡೆಕ್ಸಾನೇ ಆಗ್ಬೇಕು. ಬೆಂಗ್ಳೂರಲ್ಲಿರೋ ನನ್ ತಂಗಿ ಅತ್ತೆಗೆ ಇದೇ ಸ್ಕ್ಯಾನು ಹೆಲ್ತ್ ಚೆಕಪ್ ಪ್ಯಾಕೇಜಲ್ಲೇ ಆಗಿತ್ತು, ಅವ್ರಿಗೆ ಒಂದ್ ಬೆರಳೂ ಮುರ್ದಿರ್ಲಿಲ್ಲ. ನಮ್ಗೆ ಒಂದಿನದ ಕೂಲಿ ಹೋಯ್ತು, ಬಸ್ ಚಾರ್ಜು, ಆಟೋ ಬೇರೆ.

ಇನ್ನು ಸೆಂಟರಿನವ್ರಿಗೆ ಒಂದ್ ಮಾತು. ಬರೋರೆಲ್ಲ ಮೂಳೆ ಸವೆದೋರು, ನಿಮ್ ಬಾಗ್ಲಲ್ಲಿ ಐದು ಮೆಟ್ಲು, ಹಿಡ್ಕೊಳ್ಳೋಕೆ ಕಂಬಿ ಇಲ್ಲ, ಒಳಗೆ ಗ್ರಾನೈಟು, ಅದನ್ನೂ ಆಗ್ತಾನೆ ಒರ್ಸಿ ಒದ್ದೆ ಬಿಟ್ಟಿದ್ರಿ! ಅವ್ವ ನನ್ ತೋಳು ಹಿಡಿದಿದ್ದು ಉಗುರು ಗುರ್ತು ಸಂಜೆವರ್ಗೂ ಇತ್ತು. ರಿಪೋರ್ಟೂ ಪೂರ್ತಿ ಇಂಗ್ಲಿಷಲ್ಲಿ, ಕೌಂಟರ್ ಹುಡ್ಗ "ಡಾಕ್ಟ್ರಿಗೆ ತೋರ್ಸಿ" ಅಂದು ಮೊಬೈಲ್ ನೋಡ್ತಾ ಕೂತ.

ಡಾಕ್ಟ್ರು ಮೂಳೆ ಸವೆಯೋದನ್ನ ತಡೆಯೋಕೆ ಅಲೆಂಡ್ರೊನೇಟ್ 70 ಮಿಲಿಗ್ರಾಂ ಬರ್ದಿದಾರೆ, ವಾರಕ್ಕೊಂದೇ ಮಾತ್ರೆ, ಸ್ಕ್ಯಾನಿನ ಖರ್ಚಿನ ಮುಂದೆ ಅದೇನೂ ದುಬಾರಿಯಲ್ಲ. ಖಾಲಿ ಹೊಟ್ಟೇಲಿ ಒಂದ್ ಲೋಟ ನೀರಲ್ಲಿ ನುಂಗಿ ಅರ್ಧ ಗಂಟೆ ಮಲಗೋಹಂಗಿಲ್ಲ, ಟೀನೂ ಕುಡಿಯೋಹಂಗಿಲ್ಲ. ಸೋಮವಾರ ಬೆಳಿಗ್ಗೆ ಅವ್ವ ಕಟ್ಟೆ ಮೇಲೆ ಗಡಿಯಾರ ಇಟ್ಕೊಂಡು ನನ್ನೇ ಬೈತಾ ಕೂತಿರ್ತಾಳೆ.