ಕಳುಹಿಸಲು ಗೊತ್ತು, ಕರೆಸಿಕೊಳ್ಳಲು ಗೊತ್ತಿಲ್ಲ: ಒಂದು ಸ್ಥಳಾಂತರ ಸೇವೆಯ ಬಗ್ಗೆ

ಸಿಬ್ಬಂದಿಯನ್ನು ಒಂದು ದೇಶದ ಕಚೇರಿಯಿಂದ ಮತ್ತೊಂದು ದೇಶದ ಕಚೇರಿಗೆ ಕಳುಹಿಸುವ ವಿಭಾಗ ನನ್ನದು. ವೀಸಾ, ಮನೆ, ಸಾಮಾನು ಸಾಗಣೆ, ಮಕ್ಕಳ ಶಾಲೆ, ತೆರಿಗೆ ಎಲ್ಲವನ್ನೂ ತಾವೇ ನೋಡಿಕೊಳ್ಳುವುದಾಗಿ ಹೇಳಿಕೊಳ್ಳುವ ಸಂಸ್ಥೆಯೊಂದಕ್ಕೆ ಈ ಕೆಲಸ ವಹಿಸಿದ್ದೇವೆ. ವ್ಯಾಪಾರ ಚೆನ್ನಾಗಿದ್ದಷ್ಟು ಕಾಲ ಅವರ ಮೇಲೆ ದೂರುಗಳೇ ಇರಲಿಲ್ಲ. ಖರ್ಚಿಗೆ ಕಡಿವಾಣ ಬಿದ್ದು, ಹೊರಡಬೇಕಾದವರನ್ನು ತಡೆದು, ಹೋದವರನ್ನು ಅವಧಿಗೆ ಮೊದಲೇ ಕರೆಸಿಕೊಳ್ಳುವ ಪರಿಸ್ಥಿತಿ ಬಂದಾಗ ಅವರ ಬಂಡವಾಳ ಬಯಲಾಯಿತು.

ಸಾಗಣೆ ತಂಡವನ್ನು ಮಾತ್ರ ಬಾಯಿ ತುಂಬ ಹೊಗಳಬೇಕು. ನಮ್ಮ ಎಂಜಿನಿಯರ್ ಒಬ್ಬ ಸಮಯ ಉಳಿಯಲಿ ಎಂದು ಗಾಜಿನ ಸಾಮಾನನ್ನು ತಾನೇ ಪೆಟ್ಟಿಗೆಗೆ ತುಂಬಿ ಅಂಟಿಸಿಟ್ಟಿದ್ದ. ತಂಡದ ಮುಖ್ಯಸ್ಥೆ ಅದನ್ನೆಲ್ಲ ಬಿಚ್ಚಿಸಿ, ಒಂದೊಂದು ಲೋಟಕ್ಕೂ ಹೊಸದಾಗಿ ಕಾಗದ ಸುತ್ತಿಸಿದರು. ಪಟ್ಟಿಯಲ್ಲಿ ‘ಮಾಲೀಕರೇ ಕಟ್ಟಿದ್ದು’ ಎಂದು ನಮೂದಾದ ಪೆಟ್ಟಿಗೆಯಲ್ಲಿ ಏನಾದರೂ ಒಡೆದರೆ ಸಾಮಾನ್ಯವಾಗಿ ವಿಮೆ ಸಿಗುವುದಿಲ್ಲ ಎಂದು ಅವರು ವಿವರಿಸಿದ ಮೇಲೆ ಆತನ ಗೊಣಗಾಟ ನಿಂತಿತು. ವೀಸಾ ವಿಭಾಗವೂ ಪರವಾಗಿಲ್ಲ.

ತೆರಿಗೆಯ ವಿಷಯಕ್ಕೆ ಬಂದರೆ ನನಗೆ ಸಿಟ್ಟು ಬರುತ್ತದೆ. ಅವರ ತಂತ್ರಾಂಶ ನೌಕರ ಆ ದೇಶದಲ್ಲಿ ಕಳೆದ ದಿನಗಳನ್ನು ಎಣಿಸುತ್ತದೆ. 183 ದಿನ ದಾಟುವ ತನಕ, ಅಲ್ಲಿ ತೆರಿಗೆ ಕಟ್ಟಬೇಕಿಲ್ಲ ಎಂಬಂತೆ ಹಸಿರು ಗುರುತು ತೋರಿಸುತ್ತದೆ. ಆದರೆ ಒಂದೇ ಆದಾಯಕ್ಕೆ ಎರಡು ಕಡೆ ತೆರಿಗೆ ಬೀಳದಂತೆ ದೇಶಗಳು ಮಾಡಿಕೊಳ್ಳುವ ಒಪ್ಪಂದಗಳಿಗೆ ಒಇಸಿಡಿ (ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ) ಸಿದ್ಧಪಡಿಸಿದ ಮಾದರಿಯ 15ನೇ ವಿಧಿಯಲ್ಲಿರುವುದು ಒಂದೇ ಷರತ್ತಲ್ಲ, ಮೂರು. ಯಾವುದೇ ಹನ್ನೆರಡು ತಿಂಗಳಲ್ಲಿ ವಾಸ 183 ದಿನ ಮೀರಬಾರದು. ಸಂಬಳ ಕೊಡುವ ಸಂಸ್ಥೆ ಆ ದೇಶದ್ದಾಗಿರಬಾರದು. ಸಂಬಳದ ಹೊರೆ ಆ ಸಂಸ್ಥೆಗೆ ಅಲ್ಲಿರುವ ಕಾಯಂ ನೆಲೆಯ, ಅಂದರೆ ಶಾಖೆಯಂಥ ಸ್ಥಿರ ವ್ಯವಹಾರ ಸ್ಥಳದ ಮೇಲೆ ಬೀಳಬಾರದು. ಮೂರೂ ಒಟ್ಟಿಗೆ ಕೂಡಿಬಂದರೆ ಮಾತ್ರ ವಿನಾಯಿತಿ. ಖರ್ಚು ಉಳಿಸಲು ನಾವು ದೀರ್ಘ ನಿಯೋಜನೆಗಳನ್ನು ಕಿರು ಅವಧಿಗೆ ಇಳಿಸಿ, ಸಂಬಳವನ್ನು ಅಲ್ಲಿನ ಶಾಖೆಯ ಲೆಕ್ಕಕ್ಕೆ ಹಾಕಿದ್ದೆವು. ಹಾಗೆ ಹಾಕಿದರೆ ದಿನಗಳೆಷ್ಟೇ ಕಡಿಮೆ ಇರಲಿ, ತೆರಿಗೆ ತಪ್ಪುವುದಿಲ್ಲ. ಪರದೆಯ ಮೇಲೆ ಮಾತ್ರ ಹಸಿರೇ ಹಸಿರು! ನಮ್ಮ ಲೆಕ್ಕಪರಿಶೋಧಕರು ಇದನ್ನು ಹಿಡಿಯದಿದ್ದರೆ ದಂಡವನ್ನೂ ತೆರಬೇಕಾಗುತ್ತಿತ್ತು. ಕೇಳಿದ್ದಕ್ಕೆ, ‘ಅದು ಕೇವಲ ಮಾಹಿತಿಗಾಗಿ’ ಎಂಬ ಉತ್ತರ ಬಂತು. ಹಾಗಾದರೆ ಆ ಬಣ್ಣವೇಕೆ?

ವೆಚ್ಚದ ಅಂದಾಜು ಕೂಡ ಇದೇ ಧಾಟಿಯದು. ಮೂರು ವರ್ಷದ ನಿಯೋಜನೆಗೆ ಒಂದೇ ವಿನಿಮಯ ದರ, ಒಂದೇ ಮೊತ್ತ. ಕರೆನ್ಸಿ ಕುಸಿದರೆ ಎಷ್ಟು, ಮೊದಲ ವರ್ಷಕ್ಕೇ ವಾಪಸು ಕರೆಸಿದರೆ ಎಷ್ಟು ಎಂದು ಕೇಳಿದರೆ ಹೊಸ ಶುಲ್ಕದ ಮಾತೆತ್ತುತ್ತಾರೆ. ಅನಿಶ್ಚಿತ ಕಾಲದಲ್ಲಿ ಹಣಕಾಸು ವಿಭಾಗ ಕೇಳುವುದೇ ಈ ಎರಡು ಪ್ರಶ್ನೆಗಳನ್ನು.

ಇನ್ನು ಮನೆ. ಹುಡುಕಿ ಕೊಡುವುದರಲ್ಲಿ ಇವರು ಚುರುಕು. ಆದರೆ ನೌಕರನನ್ನು ಕಂಪನಿ ವಾಪಸು ಕರೆಸಿಕೊಂಡರೆ ನೋಟಿಸ್ ಕೊಟ್ಟು ಬಾಡಿಗೆ ಕರಾರು ಮುರಿಯಬಹುದು ಎಂಬ ಒಂದು ಸಾಲನ್ನು ಕರಾರಿನಲ್ಲಿ ಸೇರಿಸಲು ಅವರಿಗೆ ಪುರುಸೊತ್ತಿರಲಿಲ್ಲ. ಒಂದು ಕುಟುಂಬ ಮರಳಿ ಬಂದ ಮೇಲೂ ಖಾಲಿ ಮನೆಗೆ ನಾವು ಬಾಡಿಗೆ ಕಟ್ಟಿದೆವು. ಈ ವ್ಯವಹಾರದಲ್ಲಿ ಮನೆ ದಲ್ಲಾಳಿಗಳಿಂದ ಕಮಿಷನ್ ಪಡೆಯುವ ರೂಢಿಯಿದೆ. ಆತುರಕ್ಕೆ ಅದೇ ಕಾರಣವೋ ಏನೋ, ನನ್ನ ಗುಮಾನಿ ಹಾಗಿದೆ.

ಸಾಗಣೆ ಮತ್ತು ವೀಸಾ ಅವರಲ್ಲೇ ಮುಂದುವರಿಯುತ್ತವೆ. ತೆರಿಗೆಯನ್ನು ಬೇರೆ ಸಲಹೆಗಾರರಿಗೆ ಒಪ್ಪಿಸಿದ್ದೇವೆ. ಇಂಥ ಸೇವೆಗೆ ದರಪಟ್ಟಿ ತರಿಸಿಕೊಳ್ಳುವವರು ರದ್ದತಿಯ ಕೋಷ್ಟಕವನ್ನೂ ಜೊತೆಗೇ ಕೇಳಿ: ಸಾಮಾನಿನ ಸಮೀಕ್ಷೆ ಮುಗಿದ ಮೇಲೆ ರದ್ದಾದರೆ ಎಷ್ಟು, ಪೆಟ್ಟಿಗೆ ಕಟ್ಟಿದ ಮೇಲೆ ಎಷ್ಟು, ಹಡಗು ಏರಿದ ಮೇಲೆ ಎಷ್ಟು. ನಮಗೆ ಕೊಟ್ಟಿದ್ದ ದರಪಟ್ಟಿಯಲ್ಲಿ ಇದ್ದದ್ದು ಹೋಗುವ ಖರ್ಚು ಮಾತ್ರ.